ಅಣ್ಣ ಬಂದ, ನಾವು ಭಜನೆ ಇಟ್ಟೆವು

ದೇವರು ದೊಡ್ಡವ. ಇದನ್ನು ಮೊದಲೇ ಬರೆದು ಬಿಡ್ತೇನೆ, ಯಾಕಂದ್ರೆ ಈಗ ನನ್ನ ಬಾಯಲ್ಲಿ ಬೇರೆ ಮಾತೇ ಬರ್ತಾ ಇಲ್ಲ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಅಣ್ಣನ ಬೋಟು ಗಾಳಿಗೆ ಸಿಕ್ಕಿ, ಇಂಜಿನ್ ಬಂದ್ ಆಗಿ, ವಯರ್‌ಲೆಸ್ಸಿಗೂ ಸಿಗದೆ ಹೋದದ್ದು, ಆಮೇಲೆ ಇನ್ನೊಂದು ಬೋಟಿನವರು ನೋಡಿ ಹಗ್ಗ ಕಟ್ಟಿ ಎಳ್ಕೊಂಡು ಬಂದದ್ದು, ಬೋಟು ನಡೆಸುವ ತಂಡೇಲರಿಂದ ಹಿಡಿದು ಅಡುಗೆ ಹುಡುಗನವರೆಗೆ ಎಲ್ಲರೂ ಬೋಟು ನಿಲ್ಲುವ ದಕ್ಕೆಯಲ್ಲಿ ಇಳಿದದ್ದು, ಇಷ್ಟೇ ಸುದ್ದಿ. ಕಾದು ಕೂತದ್ದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ, ಕಡಲಿಗೆ ಹೋಗುವವರ ಮನೆಯವರಿಗೆ ಅದು ಹೇಳದೆಯೇ ಗೊತ್ತುಂಟು.

ಅಣ್ಣ ಮಿಂದು ಗಂಜಿ ಉಂಡು ಮಲಗಿದ. ಅಮ್ಮ ಮಾತ್ರ ಕೂರ್ಲೇ ಇಲ್ಲ, ಸೀದಾ ಭಜನಾ ಮಂದಿರಕ್ಕೆ ಹೋಗಿ ಶನಿವಾರ ನಮ್ಮ ಮನೆ ಲೆಕ್ಕದ ಭಜನೆ ಅಂತ ಹೇಳಿ ಬಂದ್ರು. ಮನೆಯಲ್ಲೇ ದೀಪ ಇಟ್ಟು ಕೈ ಮುಗಿದ್ರೆ ಸಾಲದಾ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ, "ಬೇಡುವಾಗ ಇಡೀ ಊರು ಬೇಡಿದೆ ಮಾರಾಯ, ಈಗ ನಾನೊಬ್ಬಳೇ ಮೂಲೆಯಲ್ಲಿ ಕೂತು ಹೊಗಳಿದ್ರೆ ಹೇಗೆ?" ಅಂದ್ರು. ನನಗೆ ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಕಷ್ಟದಲ್ಲಿ ಹರಕೆ ಹೊರ್ತೇವೆ, ಕಳೆದ ಮೇಲೆ ತೀರಿಸ್ತೇವೆ, ಅದು ಬೇಕು, ಆದ್ರೆ ಅದು ಬಾಕಿ ಕೊಟ್ಟ ಹಾಗೆ. ಹಾಡುವುದರಲ್ಲಿ ಬಾಕಿಯ ಮಾತೇ ಇಲ್ಲ, ಬರೀ ಸಂತೋಷ.

ನಮ್ಮ ಈ ಕಡಲಿನದ್ದೇ ಕಥೆ ನೋಡಿ. 13ನೇ ಶತಮಾನದಲ್ಲಿ ದ್ವಾರಕೆ ಕಡೆಯಿಂದ ಬಂದ ಹಡಗು ಮಲ್ಪೆ ಹತ್ರ ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ದಡದಿಂದ ಉತ್ತರೀಯ ಬೀಸಿ ಉಳಿಸಿದ್ರು, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯೊಳಗೇ ಕೃಷ್ಣ ಬಲರಾಮ ಇದ್ದದ್ದು, ಬಲರಾಮ ಇಲ್ಲೇ ವಡಭಾಂಡೇಶ್ವರದಲ್ಲಿ ನಿಂತ, ಕೃಷ್ಣ ಉಡುಪಿಗೆ ಹೋದ. ಹೊತ್ಕೊಂಡು ಹೋಗುವಾಗ ದಾರಿಯಲ್ಲಿ ಆಚಾರ್ಯರು ಹಾಡಿದ್ದೇ ದ್ವಾದಶ ಸ್ತೋತ್ರ ಅಂತ ನಂಬಿಕೆ. ಅಂದ್ರೆ ನಮ್ಮ ಕೃಷ್ಣ ಬಂದದ್ದೇ ಮುಳುಗದೆ ಉಳಿದ ಹಡಗಿನಲ್ಲಿ! ಚಿಕ್ಕಂದಿನಿಂದ ಕೇಳಿದ ಕಥೆ, ಈ ಸಲ ಮೈ ಜುಂ ಅಂತು.

ಶನಿವಾರ ಎಳ್ಕೊಂಡು ಬಂದ ಬೋಟಿನವರನ್ನೆಲ್ಲ ಕರ್ದು ಎದುರಲ್ಲೇ ಕೂರಿಸಿದೆವು, ದೇವರು ಕೈ ಹಿಡಿದದ್ದು ಅವರ ಕೈಯಿಂದ ತಾನೇ. ನನಗೊಂದು ಹೆದರಿಕೆ ಇತ್ತು, ಬಾರದೆ ಹೋದವರ ಮನೆಯೂ ಈ ಊರಲ್ಲಿ ಉಂಟು, ಅವರೆದುರು ಇಷ್ಟು ಸಂಭ್ರಮ ಸರಿಯಾ ಅಂತ. ಕಡಲಲ್ಲಿ ಗಂಡನನ್ನು ಕಳ್ಕೊಂಡ ದೊಡ್ಡಮ್ಮ ಎಲ್ಲರಿಗಿಂತ ಮೊದಲು ಬಂದು ಅಣ್ಣನ ತಲೆ ಸವರಿ, ತಾಳ ತಗೊಂಡು, ಎಲ್ಲರಿಗಿಂತ ಎತ್ತರದ ಸ್ವರದಲ್ಲಿ ವಿಠಲ ವಿಠಲ ಅಂತ ಶುರು ಮಾಡಿದ್ರು. ನನಗೆ ಕಣ್ಣು ತುಂಬಿ ಸ್ವರವೇ ಹೊರಡ್ಲಿಲ್ಲ, ಆಮೇಲೆ ಹೊರಟದ್ದು ಮಂಗಳಾರತಿವರೆಗೂ ನಿಲ್ಲಲಿಲ್ಲ. ಪಂಚಕಜ್ಜಾಯ ಹಂಚುವಾಗಲೂ ಮಕ್ಕಳು ಕುಣೀತಾನೇ ಇದ್ದರು.

ಬರುವ ಶುಕ್ರವಾರ ಎರಡೂ ಬೋಟಿನವರು ಒಟ್ಟಿಗೆ ಉಚ್ಚಿಲ ಮಹಾಲಕ್ಷ್ಮಿ ಅಮ್ಮನ ಹತ್ರ ಹೋಗ್ಲಿಕ್ಕೆ ಉಂಟು. ಶಂಕರಪುರ ಮಲ್ಲಿಗೆಗೆ ಹೇಳಿ ಆಗಿದೆ, ಅಟ್ಟೆಗೆ, ಅಂದ್ರೆ ಹೂವಿನ ಕಟ್ಟಿಗೆ, ರೇಟು ಎಷ್ಟಾದ್ರೂ ಆಗ್ಲಿ. ಹತ್ತಿರದವರು ಯಾರಿದ್ದರೂ ಬನ್ನಿ, ಒಟ್ಟಿಗೆ ಹಾಡುವ.