ಎರಡು ರೂಪಾಯಿ, ಒಂದೇ ಗೀರು

ಆನ್‌ಲೈನ್ ಹರಾಜಿನಲ್ಲಿ ನಕಲಿ ನಾಣ್ಯ ಕಂಡರೆ ನಾನು ಆ ಹರಾಜಿನ ಜಾಲತಾಣದವರಿಗೆ ರಿಪೋರ್ಟ್ ಮಾಡುತ್ತೇನೆ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರಿಗೂ ಇಷ್ಟವಿಲ್ಲ. "ನಿನಗ್ಯಾಕ ಬೇಕವಾ ಊರ ಉಸಾಬರಿ?" ಅಂತಾಳೆ ಅವ್ವ.

ನಮ್ಮದು ಗದಗಿನಲ್ಲಿ ಪತ್ತಾರಿಕೆ, ಅಂದರೆ ಚಿನ್ನ-ಬೆಳ್ಳಿ ಕೆಲಸ ಮಾಡುವ ಮನೆತನ. ದೀಪಾವಳಿಯ ಲಕ್ಷ್ಮೀಪೂಜೆಗೆ ರಾಣಿ ಛಾಪಾ ರೂಪಾಯಿ (ವಿಕ್ಟೋರಿಯಾ ರಾಣಿಯ ಮುಖ ಇರುವ ಹಳೇ ಬೆಳ್ಳಿ ನಾಣ್ಯ) ಇಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಕಷ್ಟ ಬಂದಾಗ ಅವೇ ನಮ್ಮ ಅಂಗಡಿಗೆ ಬರುತ್ತವೆ. ಆ ರೂಪಾಯಿಯ ತೂಕವೇ ಒಂದು ತೊಲ, ಅಂದರೆ 11.66 ಗ್ರಾಂ. ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಅದೇ ಅಳತೆಯ ರೂಪಾಯಿಯನ್ನು ಜರ್ಮನ್ ಸಿಲ್ವರ್‌ನಲ್ಲಿ (ಬೆಳ್ಳಿಯಂತೆ ಕಾಣುವ, ಬೆಳ್ಳಿಯೇ ಇಲ್ಲದ ಮಿಶ್ರಲೋಹ) ಮಾಡಿದರೆ ಒಂದೂವರೆ-ಎರಡು ಗ್ರಾಂ ಕಡಿಮೆ ತೂಗುತ್ತದೆ. ತೂಕ ಸರಿ ಮಾಡಲು ಹೋದರೆ ದಪ್ಪ ಆಗುತ್ತದೆ. ಅಂಗಡಿಯಲ್ಲಿ ತಕ್ಕಡಿ ಇದೆ, ಒರೆಗಲ್ಲು ಇದೆ. ಹರಾಜಿನಲ್ಲಿ ಇರುವುದು ಫೋಟೋ ಮಾತ್ರ.

ಫೋಟೋದಲ್ಲೇ ಗೊತ್ತಾಗುವ ಸುಳ್ಳುಗಳೂ ಇವೆ. ರಾಮ, ಸೀತೆ, ಹನುಮಂತ ಇರುವ, 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಬರೆದ ನಾಣ್ಯ ನೋಡಿರುತ್ತೀರಿ. ಅದಕ್ಕೆ ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ. ಕಂಪನಿ ಅಂಥದ್ದನ್ನು ಟಂಕಿಸಲೇ ಇಲ್ಲ. ಇನ್ನೊಂದು, 'ಎಂಪ್ರೆಸ್' ಎಂದು ಬರೆದ 1862ರ ರೂಪಾಯಿ. ರೂಪಾಯಿಯ ಮೇಲೆ ವಿಕ್ಟೋರಿಯಾ ರಾಣಿ 'ಎಂಪ್ರೆಸ್' ಆದದ್ದು 1877ರಿಂದ. ಅದಕ್ಕೂ ಮುಂಚೆ ಬರೀ 'ಕ್ವೀನ್'. ಮಾಡಿದವನು ಇತಿಹಾಸ ಓದಿಲ್ಲ ಅಷ್ಟೇ.

ನಿಜಕ್ಕೂ ತಲೆ ತಿನ್ನುವುದು 1939ರ ಆರನೇ ಜಾರ್ಜ್ ರೂಪಾಯಿ. ಅದು ಅಪರೂಪ, ಬೆಲೆ ವಿಪರೀತ. 1938ರದ್ದು ಸುಲಭವಾಗಿ ಸಿಗುತ್ತದೆ. ಕೊನೆಯ 8 ಅನ್ನು ಕೆತ್ತಿ 9 ಮಾಡಿದರೆ ಮುಗಿಯಿತು. ಬೆಳ್ಳಿ ಅಸಲಿ, ತೂಕ ಅಸಲಿ, ಸುಳ್ಳು ಇರುವುದು ಒಂದು ಅಂಕಿಯಲ್ಲಿ. ನನ್ನ ತಕ್ಕಡಿ ಇಲ್ಲಿ ಉಪಯೋಗಕ್ಕೆ ಬರಲ್ಲ. ಆ 9ರ ಸುತ್ತ ಲೋಹ ಕೆರೆದ ಗುರುತು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಬೇಕು. ಅದಕ್ಕೇ ನಾನು ಮೊದಲು ಮಾರುವವರಿಗೆ ಮೆಸೇಜ್ ಹಾಕಿ ಇಸವಿಯನ್ನು ಹತ್ತಿರದಿಂದ ತೆಗೆದ ಫೋಟೋ, ತೂಕ, ಅಂಚಿನ ಫೋಟೋ ಕೇಳುತ್ತೇನೆ. ಹಾವೇರಿ ಕಡೆಯ ಒಬ್ಬ ಹುಡುಗ "ಅಕ್ಕಾರ, ನಮ್ಮ ಅಜ್ಜನ ಪೆಟಗ್ಯಾಗ ಸಿಕ್ಕದ್ರೀ, ನನಗೇನೂ ಗೊತ್ತಿಲ್ರೀ" ಅಂದ. ಫೋಟೋ ಕಳಿಸಿದ, ನಾನು ಅಂಕಿ ತೋರಿಸಿದೆ, ತಾನೇ ಹರಾಜಿನಿಂದ ತೆಗೆದ. ಎಲ್ಲರೂ ಕಳ್ಳರಲ್ಲ. ಪ್ರಶ್ನೆ ಕೇಳಿದ ಕೂಡಲೇ ಬ್ಲಾಕ್ ಮಾಡುವವರ ವಿಷಯ ಬೇರೆ.

'ಇದು ನಕಲಿ' ಎಂದಷ್ಟೇ ಬರೆದ ರಿಪೋರ್ಟಿಗೆ ಬೆಲೆ ಇಲ್ಲ. ಅದನ್ನು ಓದುವವರಿಗೆ ನಾಣ್ಯ ಗೊತ್ತಿರಲ್ಲ. ಅವರಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಗೀರು. ಬಳಕೆಯಲ್ಲಿದ್ದ ಎರಡು ನಾಣ್ಯಗಳ ಮೇಲೆ ಗೀರು ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಬೀಳುವುದಿಲ್ಲ ಅಲ್ವಾ? ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದರೆ ಅದರ ಗೀರೂ ಪ್ರತಿ ನಕಲಿಗೆ ಬರುತ್ತದೆ. ಒಬ್ಬ ಮಾರಾಟಗಾರ ಬೇರೆ ಬೇರೆ ವಾರ ಇಟ್ಟ ಎರಡು ರೂಪಾಯಿಗಳಲ್ಲಿ ರಾಣಿಯ ಕೆನ್ನೆಯ ಮೇಲೆ ಅದೇ ಓರೆ ಗೀರು ಇತ್ತು. ಒಂದರ ಅಂಚು ಸ್ವಲ್ಪ ಜಜ್ಜಿತ್ತು, ಇನ್ನೊಂದರದ್ದು ನೆಟ್ಟಗಿತ್ತು. ಅಂದರೆ ಒಂದೇ ನಾಣ್ಯದ ಫೋಟೋ ಅಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, ಗೀರಿಗೆ ಕೆಂಪು ಸುತ್ತು ಹಾಕಿ, ಎರಡು ಸಾಲು ಬರೆದು ಕಳಿಸಿದೆ. ಲಿಸ್ಟಿಂಗ್ ಹೋಯಿತು.

ಆದರೆ ರಿಪೋರ್ಟ್ ಒತ್ತುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಲಿಸ್ಟಿಂಗ್ ಹೋದರೆ ಸಾಕ್ಷಿಯೂ ಹೋಗುತ್ತದೆ, ಅದೇ ಮಾಲು ಬೇರೆ ಹೆಸರಿನಲ್ಲಿ ಬಂದಾಗ ತೋರಿಸಲು ಏನೂ ಉಳಿಯಲ್ಲ.

ನಮ್ಮ ಕಡೆಗೇ ಸೇರಿದ ಒಂದು ತರಲೆ ಇದೆ: 'ಲಕ್ಕುಂಡಿಯ ಚಿನ್ನದ ಗದ್ಯಾಣ, ಹೊಲದಲ್ಲಿ ಸಿಕ್ಕಿದ್ದು'. ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಹಿಂದೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು, ಅಲ್ಲಿಯ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿದೆ. ಆ ಹೆಸರಿಗೆ ಜನ ಮರುಳಾಗುತ್ತಾರೆ. ನಿಜವಾಗಿ ಹೊಲದಲ್ಲಿ ಸಿಕ್ಕಿದ್ದರೆ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸುಳ್ಳಾದರೆ ಮೋಸ. ಎರಡರಲ್ಲಿ ಯಾವುದಾದರೂ ಹರಾಜಿಗೆ ಇಡುವ ಮಾಲಲ್ಲ. ಇಂಥದ್ದಕ್ಕೆ ನಾನು ಮಾರುವವರನ್ನು ಕೇಳುವ ಗೋಜಿಗೂ ಹೋಗಲ್ಲ, ನೇರ ರಿಪೋರ್ಟ್.

ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಹಳೇ ನಾಣ್ಯ ಮಾರಿಸಿಕೊಡುತ್ತೇವೆ, ರಿಸರ್ವ್ ಬ್ಯಾಂಕಿಗೆ ಕಮಿಷನ್ ಕಟ್ಟಿ ಎಂದು ಫೋನ್ ಬಂದರೆ ಅದೂ ಮೋಸವೇ. ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮತ್ತೆ, ಮಾರಿದವನು ಸಿಕ್ಕಿಬಿದ್ದ ಮೇಲೆ "ನಾಣ್ಯ ವಾಪಸ್ ಕಳಿಸಿ, ದುಡ್ಡು ಹಾಕ್ತೀನಿ" ಅಂತ ಖಾಸಗಿಯಾಗಿ ಕೇಳಿದರೆ ಕಳಿಸಬೇಡಿ. ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.