ಮುಳ್ಳಯ್ಯನಗಿರಿಗೆ ಸೈಕಲ್ ತುಳಿದ ದಿನ

ಇವತ್ತು ನಾವು ಆರು ಜನ ಮುಳ್ಳಯ್ಯನಗಿರಿಗೆ ಸೈಕಲ್ ಹತ್ತಿಸಿದೆವು. ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಚಿಕ್ಕಮಗಳೂರಿನಿಂದ ಕತ್ತಲಲ್ಲೇ ಹೊರಟೆವು. ದಾರಿಯಲ್ಲಿ ಸಿಗುವ ಕೈಮರದವರೆಗೆ ಮಾತು, ನಗು. ಆಮೇಲೆ ಬರೀ ಉಸಿರಿನ ಸದ್ದು.

ಸೀತಾಳಯ್ಯನಗಿರಿ ದಾಟಿದ ಮೇಲಿನ ಏರು ಇದೆಯಲ್ಲ, ಅದೇ ನಿಜವಾದ ಪರೀಕ್ಷೆ. ಮೊದಲ ಗೇರ್‌ಗೆ ಹಾಕಿ ತುಳಿದರೆ ಮುಂದಿನ ಚಕ್ರ ಮೇಲೇಳುತ್ತಿತ್ತು. ಸೀಟಿನ ತುದಿಗೆ ಜರುಗಿ, ಎದೆ ಹ್ಯಾಂಡಲ್‌ಗೆ ತಾಗುವಷ್ಟು ಬಗ್ಗಿ ತುಳಿದೆ. ಮೂಗಿನ ತುದಿಯಿಂದ ಬೆವರು ಟಪ್ ಟಪ್ ಅಂತ ಬೀಳುತ್ತಿತ್ತು. ಒಂದು ತಿರುವಿನಲ್ಲಿ ಕಾಲು ಹಿಡಿದುಕೊಂಡಿತು. ಇಳಿದು ರಸ್ತೆ ಬದಿಯಲ್ಲೇ ಕೂತುಬಿಟ್ಟೆ. ಎಷ್ಟೋ ಮುಂದೆ ಹೋಗಿದ್ದ ಗೆಳೆಯ ವಾಪಸ್ ಬಂದ. ಮೀನಖಂಡ ತಿಕ್ಕಿ, ಜೇಬಿನಿಂದ ಬೆಲ್ಲದ ಚೂರು ತೆಗೆದು ಕೊಟ್ಟ. ಅಷ್ಟು ಕಷ್ಟಪಟ್ಟು ಹತ್ತಿದ ಏರನ್ನು ಇನ್ನೊಬ್ಬರಿಗೋಸ್ಕರ ಮತ್ತೆ ಇಳಿಯುವುದು ಸುಮ್ನೆ ಮಾತಲ್ಲ, ಅಲ್ವಾ? ನಾನಾಗಿದ್ದರೆ ಇಳಿಯುತ್ತಿದ್ದೆನಾ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ.

ತುದಿಯ ಗುಡಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ಸೈಕಲ್ ಒರಗಿಸಿ ನಡೆದೇ ಹತ್ತಿದೆವು. ಗುಡಿಯ ಮುಂದೆ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಮಂಜು ಸರಿದಾಗ ನಾವು ಬಂದ ರಸ್ತೆ ಹುಲ್ಲುಗುಡ್ಡದ ಮೇಲೆ ಕಪ್ಪು ದಾರದ ಹಾಗೆ ಕಂಡಿತು. ಬೆಲ್ಲ ಕೊಟ್ಟ ಗೆಳೆಯನ ಕೈ ಹಿಡಿದು ತೋರಿಸಿದೆ. ಅಂಗೈಗೆ ಇನ್ನೂ ಬೆಲ್ಲ ಅಂಟಿತ್ತು.