ಚೋಳಮಂಡಲದಲ್ಲಿ ಬಣ್ಣ, ತುಕ್ಕು ಮತ್ತು ಸುಟ್ಟ ಮಣ್ಣು

ಚೆನ್ನೈಯಿಂದ ಮಾಮಲ್ಲಪುರದ ಕಡೆಗೆ ಈಸ್ಟ್ ಕೋಸ್ಟ್ ರಸ್ತೆ ಹಿಡಿದು ಹೊರಟರೆ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾಗ್ರಾಮ ಸಿಗುತ್ತದೆ. ಚೆನ್ನೈಯಲ್ಲಿರುವ ಅಣ್ಣನ ಮನೆಗೆ ಹೋಗಿದ್ದ ನಾನು ಈಚೆಗೆ ಒಂದು ಇಡೀ ದಿನವನ್ನು ಅಲ್ಲಿಯೇ ಕಳೆದೆ. ಕಲಾವಿದರೇ ನಡೆಸಿಕೊಂಡು ಬಂದಿರುವ ಆ ಜಾಗದಲ್ಲಿ ಅಂದು ವರ್ಣಚಿತ್ರ, ಮಿಶ್ರ ಮಾಧ್ಯಮ ಮತ್ತು ಸೆರಾಮಿಕ್ ಕೃತಿಗಳ ಹೊಸ ಪ್ರದರ್ಶನಗಳು ಅಕ್ಕಪಕ್ಕದ ಕೋಣೆಗಳಲ್ಲಿ ನಡೆಯುತ್ತಿದ್ದವು. ಮಣ್ಣಿನ ಪಾತ್ರೆಗಳನ್ನು ಕ್ಯಾನ್ವಾಸುಗಳಿಗೆ ಸರಿಸಮನಾಗಿ, ಒಂದೊಂದಕ್ಕೂ ಸಾಕಷ್ಟು ಜಾಗ ಬಿಟ್ಟು ಇಟ್ಟಿದ್ದನ್ನು ನೋಡಿ ನನಗೆ ಆದ ಸಂತೋಷಕ್ಕೆ ಕಾರಣವಿದೆ.

ನಾನು ಮೂರು ವರ್ಷ ತಿಗುರಿಯ ಮುಂದೆ ಕುಳಿತು ಕೆಲಸ ಕಲಿತವಳು. ಒಮ್ಮೆ ನನ್ನ ಮತ್ತು ಇಬ್ಬರು ಗೆಳತಿಯರ ಕೃತಿಗಳನ್ನು ನಗರದ ಒಂದು ಗ್ಯಾಲರಿಗೆ ತೆಗೆದುಕೊಂಡು ಹೋದಾಗ, ಇವು ಕರಕುಶಲ ವಸ್ತುಗಳು, ಬೇಕಾದರೆ ಬಾಗಿಲ ಬಳಿಯ ಮಾರಾಟದ ಕಪಾಟಿನಲ್ಲಿ ಇಡಬಹುದು ಎಂದರು. ಚಿತ್ರ ಬರೆದರೆ ಕಲೆ, ಪಾತ್ರೆ ಮಾಡಿದರೆ ಕಸುಬು ಎಂಬ ಆ ವಿಂಗಡಣೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ.

ಚೋಳಮಂಡಲದಲ್ಲಿ ಆ ವಿಂಗಡಣೆ ನಿಲ್ಲುವುದಿಲ್ಲ, ಏಕೆಂದರೆ ಆ ಊರು ಹುಟ್ಟಿದ್ದೇ ಕಸುಬಿನ ದುಡಿಮೆಯಿಂದ. ಮದರಾಸಿನ ಸರ್ಕಾರಿ ಕಲಾ ಮತ್ತು ಕರಕುಶಲ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರನ್ನು, ಓದು ಮುಗಿಸಿದ ತಮ್ಮ ವಿದ್ಯಾರ್ಥಿಗಳು ಹೊಟ್ಟೆಪಾಡಿಗಾಗಿ ಬೇರೆ ಕೆಲಸ ಹಿಡಿದು ಕುಂಚವನ್ನು ಕೈಬಿಡುತ್ತಿದ್ದುದು ಕಾಡುತ್ತಿತ್ತು. ಚಿತ್ರಗಳನ್ನು ಕೊಳ್ಳುವವರು ಆಗ ಮದರಾಸಿನಲ್ಲಿ ತೀರ ಕಡಿಮೆ. ದಿನದ ಒಂದು ಭಾಗ ಬಾಟಿಕ್‌ನಂಥ ಕರಕುಶಲ ಕೆಲಸ ಮಾಡಿ, ಅದರ ಗಳಿಕೆಯಲ್ಲಿ ಬದುಕುತ್ತ, ಉಳಿದ ಹೊತ್ತು ಯಾರ ಹಂಗೂ ಇಲ್ಲದೆ ಚಿತ್ರ ಬರೆಯಬೇಕು ಎಂಬುದು ಅವರು ಕಂಡುಕೊಂಡ ದಾರಿ. ಮೇಣ ಹಚ್ಚಿ, ಬಣ್ಣದಲ್ಲಿ ಅದ್ದಿ, ಮತ್ತೆ ಮೇಣ ಹಚ್ಚಿ ತಯಾರಿಸಿದ ಬಟ್ಟೆಗಳನ್ನು ಮಾರಿ ಕೂಡಿಸಿದ ಹಣ ಸಮುದ್ರದ ದಡದ ಆ ಮರಳು ನೆಲವನ್ನು ಕೊಳ್ಳಲು ನೆರವಾಯಿತು. 1966ರಲ್ಲಿ ಚೋಳಮಂಡಲ ಆರಂಭವಾಯಿತು, ಕಲಾವಿದರು ಅಲ್ಲಿಯೇ ಮನೆ ಕಟ್ಟಿಕೊಂಡು ನೆಲೆಸಿದರು.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರು ಮದರಾಸಿನಲ್ಲಿ ಪಣಿಕ್ಕರ್ ಅವರ ಶಿಷ್ಯರಾಗಿದ್ದು, ಚೋಳಮಂಡಲವನ್ನು ಕಟ್ಟಿದವರಲ್ಲಿ ಒಬ್ಬರು. 1988ರಲ್ಲಿ ಬೆಂಗಳೂರಿಗೆ ಬರುವವರೆಗೂ ಅಲ್ಲಿಯೇ ಇದ್ದರು. ಅವರು ಕ್ಯಾನ್ವಾಸಿನ ಜೊತೆಗೆ ತಾಮ್ರದ ತಗಡಿನ ಉಬ್ಬುಚಿತ್ರಗಳನ್ನೂ, ನೇಕಾರರೊಬ್ಬರೊಡನೆ ಸೇರಿ ರೇಷ್ಮೆಯ ಭಿತ್ತಿವಸ್ತ್ರಗಳನ್ನೂ ಮಾಡಿದ್ದಾರೆ. ಚಿತ್ರಕಾರನ ಕೈ ಮತ್ತು ಕುಶಲಕರ್ಮಿಯ ಕೈ ಬೇರೆಬೇರೆ ಎಂದು ತಿಳಿಯದ ಒಂದು ಪರಂಪರೆ ಇದು.

ಇನ್ನು ಅಂದಿನ ಪ್ರದರ್ಶನಗಳ ಮಾತು. ವರ್ಣಚಿತ್ರಗಳು ಅಚ್ಚುಕಟ್ಟಾಗಿದ್ದವು, ಆದರೆ ದೋಣಿ, ಬಲೆ, ಸಂಜೆಯ ಕಡಲು ಎಂಬ ಪರಿಚಿತ ವಸ್ತುಗಳನ್ನು ಬಿಟ್ಟು ಕದಲಿರಲಿಲ್ಲ. ಒಂದೇ ಒಂದು ಚಿತ್ರ, ಬರೀ ಬೂದು ಮತ್ತು ಅರಿಶಿನ ಬಣ್ಣಗಳಲ್ಲಿ ಮಳೆಗೆ ಮುಂಚಿನ ಮರಳನ್ನು ಹಿಡಿದದ್ದು, ನನ್ನನ್ನು ತಡೆದು ನಿಲ್ಲಿಸಿತು. ಮಿಶ್ರ ಮಾಧ್ಯಮದ ಕಲಾವಿದ ದಡದಲ್ಲಿ ಬಿದ್ದಿದ್ದ ಕಬ್ಬಿಣದ ಕೊಂಡಿ, ಮೊಳೆ, ತಗಡಿನ ಚೂರುಗಳನ್ನು ಉಪ್ಪುನೀರಿನಲ್ಲಿ ತೋಯಿಸಿದ ಕಾಗದದ ಮೇಲೆ ದಿನಗಟ್ಟಲೆ ಒತ್ತಿಟ್ಟು, ತುಕ್ಕಿನಿಂದಲೇ ಅಚ್ಚು ತೆಗೆದಿದ್ದರು. ಅದರ ಮೇಲೆ ಹಳೆಯ ಬಲೆಯ ತುಂಡುಗಳನ್ನು ದಾರದಿಂದ ಹೊಲಿದಿದ್ದರು. ತುಕ್ಕು ಕಾಗದವನ್ನು ಇನ್ನೂ ತಿನ್ನುತ್ತಿರುತ್ತದೆ, ಕೆಲವು ವರ್ಷಗಳಲ್ಲಿ ಆ ಜಾಗಗಳು ಪುಡಿಯಾಗಿ ಉದುರಬಹುದು. ಅದು ಗೊತ್ತಿದ್ದೇ ಮಾಡಿದ ಕೆಲಸ ಎಂದು ಅವರು ಹೇಳಿದಾಗ, ಕೃತಿಯನ್ನು ಮತ್ತೊಮ್ಮೆ ಹೋಗಿ ನೋಡಿ ಬಂದೆ.

ನಾನು ಹೆಚ್ಚು ಹೊತ್ತು ನಿಂತದ್ದು ಸೆರಾಮಿಕ್ ಕೋಣೆಯಲ್ಲಿ. ಇಪ್ಪತ್ತರಷ್ಟು ಅಗಲಬಾಯಿಯ ಬಟ್ಟಲುಗಳು ಮತ್ತು ಏಳು ಎತ್ತರದ ಹೂಜಿಗಳು, ಎಲ್ಲವೂ ಸ್ಟೋನ್‌ವೇರ್. ನಮ್ಮ ಊರಿನ ಕುಂಬಾರರ ಆವಿಗೆಯಲ್ಲಿ ಬೇಯುವ ಮಡಕೆಯ ಮೈ ಸರಂಧ್ರವಾಗಿದ್ದು ನೀರನ್ನು ಹೊರಗೆ ಒಸರಿಸುತ್ತದೆ, ಅದರಿಂದಲೇ ನೀರು ತಂಪಾಗುತ್ತದೆ. ಸ್ಟೋನ್‌ವೇರನ್ನು 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಡುವುದರಿಂದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ಕುಗ್ಗಿ, ನೀರು ಹೀರದಂತಾಗುತ್ತದೆ. ಒದ್ದೆ ಮಣ್ಣಿನಲ್ಲಿ ಹತ್ತು ಅಂಗುಲವಿದ್ದದ್ದು ಹೊರಬರುವಾಗ ಒಂಬತ್ತಕ್ಕೂ ಕಡಿಮೆಯಾಗುವುದುಂಟು. ಇದೇ ಕರಾವಳಿಯ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ಈ ಕೆಲಸವನ್ನು ದೇಶದ ಹಲವೆಡೆಗೆ ಒಯ್ದಿದ್ದಾರೆ.

ಒಂದು ಬಟ್ಟಲನ್ನು ಹತ್ತಿರದಿಂದ ನೋಡಿದೆ. ಅದಕ್ಕೆ ಹಚ್ಚಿದ್ದದ್ದು ಬೂದಿಯ ಗ್ಲೇಜ್, ಎಂದರೆ ಸುಟ್ಟಾಗ ಗಾಜಿನ ಹೊದಿಕೆಯಾಗುವ ಲೇಪ. ಕಟ್ಟಿಗೆಯ ಬೂದಿಯಲ್ಲಿರುವ ಸುಣ್ಣದ ಅಂಶ ಮತ್ತು ಪೊಟ್ಯಾಶ್ ಆ ಶಾಖದಲ್ಲಿ ಮಣ್ಣಿನ ಸಿಲಿಕಾವನ್ನು ಕರಗಿಸಿ ಗಾಜಾಗಿಸುತ್ತವೆ. ಪಾತ್ರೆ ಸುಡುವ ಗೂಡಿಗೆ ಗಾಳಿ ಕಡಿಮೆ ಬಿಟ್ಟರೆ ಗ್ಲೇಜಿನಲ್ಲಿರುವ ಸ್ವಲ್ಪ ಕಬ್ಬಿಣ ಹಸಿರು ಬಣ್ಣ ಕೊಡುತ್ತದೆ, ಧಾರಾಳವಾಗಿ ಬಿಟ್ಟರೆ ಜೇನಿನ ಬಣ್ಣ. ಇಲ್ಲಿ ಗ್ಲೇಜ್ ಒಳಗೋಡೆಯ ಮೇಲೆ ಎಳೆ ಎಳೆಯಾಗಿ ಇಳಿದು, ತಳದಲ್ಲಿ ಕೆರೆಯ ನೀರಿನಂತೆ ದಟ್ಟ ಹಸಿರಾಗಿ ನಿಂತಿತ್ತು. ಕಲಾವಿದೆ ಬಟ್ಟಲನ್ನು ಬೋರಲು ಮಾಡಿ ತೋರಿಸಿದರು. ಪಾದದ ಅಂಚಿನ ಬಳಿ ಗ್ಲೇಜ್ ಹತ್ತದೆ ಉಳಿದ ಮೂರು ಕಂದು ಗುರುತುಗಳಿದ್ದವು. ಅದ್ದುವಾಗ ಅವರ ಬೆರಳುಗಳು ಹಿಡಿದಿದ್ದ ಜಾಗ ಅದು. ಅಲ್ಲಿಗೆ ಕುಂಚದಿಂದ ಗ್ಲೇಜ್ ಹಚ್ಚಿ ಮುಚ್ಚುವುದು ರೂಢಿ, ನಾನೂ ಹಾಗೆಯೇ ಮಾಡುತ್ತಿದ್ದೆ. ಅವರು ಬೇಕೆಂದೇ ಬಿಟ್ಟಿದ್ದರು.

ನನ್ನ ಒಂದು ದೂರನ್ನೂ ಅವರಿಗೆ ಹೇಳಿದೆ. ವರ್ಣಚಿತ್ರಗಳ ಕೆಳಗಿನ ಚೀಟಿಗಳಲ್ಲಿ ಮಾಧ್ಯಮ, ಅಳತೆ ಎಲ್ಲವೂ ಇದ್ದವು. ಬಟ್ಟಲುಗಳ ಮುಂದೆ ಮಾತ್ರ ಸೆರಾಮಿಕ್ ಎಂಬ ಒಂದೇ ಪದ. ಯಾವ ಮಣ್ಣು, ಯಾವ ಬೂದಿ, ಎಷ್ಟು ಶಾಖ ಎಂಬುದು ತಿಳಿಯದಿದ್ದರೆ ಬಂದವರು ಆಕಾರವನ್ನಷ್ಟೇ ನೋಡಿ ಹೋಗುತ್ತಾರಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಮೊದಲ ಚೀಟಿಯ ಮೇಲೆ ತಮಿಳಿನಲ್ಲಿ ಬರೆಯತೊಡಗಿದರು: ಹುಣಸೆ ಕಟ್ಟಿಗೆಯ ಬೂದಿ, 1280 ಡಿಗ್ರಿ. ನಾನು ಹೊರಡುವ ಹೊತ್ತಿಗೆ ಒಂಬತ್ತನೆಯ ಬಟ್ಟಲಿನ ಬಳಿ ಇದ್ದರು.